ಸೂಟ್‌ಕೇಸಿಗೆ ಚಟ್ನಿಪುಡಿ ಸರಿ, ಪೇಡ ಬೇಡ

ಪ್ರಶ್ನೆ: ಮೇ ತಿಂಗಳಲ್ಲಿ ನಾವು ಆರು ಜನ ಬೆಂಗಳೂರಿನಿಂದ ದುಬೈ ಮೂಲಕ ಪ್ಯಾರಿಸ್‌ಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಸ್ವಿಟ್ಜರ್ಲೆಂಡ್ ನೋಡಿಕೊಂಡು ಬರುವವರಿದ್ದೇವೆ. ಅತ್ತೆ, ಮಾವ, ನಾವಿಬ್ಬರು, ಹತ್ತು ವರ್ಷದ ಮಗಳು, ಒಂದೂವರೆ ವರ್ಷದ ಮಗ. ಒಟ್ಟು ಹತ್ತು ದಿನ. ದುಬೈನಲ್ಲಿ ವಿಮಾನ ಬದಲಿಸುವುದಷ್ಟೇ. ಎಲ್ಲರೂ ಸಸ್ಯಾಹಾರಿಗಳು. ಅತ್ತೆ ಈಗಲೇ ಪಟ್ಟಿ ಮಾಡಿಟ್ಟಿದ್ದಾರೆ: ಬಿಸಿಬೇಳೆಬಾತ್ ಪುಡಿ, ಪುಳಿಯೋಗರೆ ಗೊಜ್ಜು, ಅಪ್ಪೆಮಿಡಿ ಉಪ್ಪಿನಕಾಯಿ, ಬೆಣ್ಣೆ ಚಕ್ಕುಲಿ, ಒಂದು ಕೆ.ಜಿ. ತುಪ್ಪ, ಧಾರವಾಡ ಪೇಡ, ಕೊಬ್ಬರಿ, ಕರಿಬೇವು, ಒಂದು ಡಜನ್ ಬಾದಾಮಿ ಮಾವು. ಕೈಯಲ್ಲಿ ಹಿಡಿದುಕೊಂಡು ಹೋಗುವ ಬ್ಯಾಗಿಗೆ ಮಾತ್ರ ರೂಲ್ಸು, ಚೆಕ್-ಇನ್ ಬ್ಯಾಗಿಗೆ ಏನು ಬೇಕಾದರೂ ಹಾಕಬಹುದು ಅಂತ ನೆಂಟರು ಹೇಳ್ತಾರೆ. ನಿಜವೇ? ಚೆಲ್ಲದ ಹಾಗೆ ಪ್ಯಾಕ್ ಮಾಡುವುದು ಹೇಗೆ?
(ಓದುಗರು, ದಾವಣಗೆರೆ)

ಉತ್ತರ: ನಿಮ್ಮ ನೆಂಟರು ಹೇಳಿದ್ದು ಅರ್ಧ ನಿಜ. ಪುಡಿ, ಗೊಜ್ಜು, ಎಣ್ಣೆ ಪದಾರ್ಥಗಳಿಗೆ ಕ್ಯಾಬಿನ್‌ಗಿಂತ ಚೆಕ್-ಇನ್ ಬ್ಯಾಗೇ ಸರಿಯಾದ ಜಾಗ. ಖಾರದ ಪುಡಿಯನ್ನು ಕ್ಯಾಬಿನ್‌ಗೆ ಬಿಡುವುದೇ ಇಲ್ಲ. ಗೊಜ್ಜು, ಉಪ್ಪಿನಕಾಯಿ, ತುಪ್ಪದಂಥವನ್ನು ದ್ರವ ಅಂತ ಲೆಕ್ಕ ಹಿಡಿದು 100 ಮಿಲಿಲೀಟರ್ ಮಿತಿ ಹಾಕುತ್ತಾರೆ. ಅಲ್ಲಿಯವರೆಗೂ ನೆಂಟರ ಮಾತು ಸರಿ. ಆದರೆ ಬೆಂಗಳೂರಿನಲ್ಲಿ ಬ್ಯಾಗು ಬೆಲ್ಟಿನ ಮೇಲೆ ಸಲೀಸಾಗಿ ಹೋಯಿತು ಅಂದರೆ ಪ್ಯಾರಿಸ್‌ನಲ್ಲೂ ಬಿಡುತ್ತಾರೆ ಅಂತ ಅರ್ಥವಲ್ಲ. ಇಲ್ಲಿ ನೋಡುವುದು ವಿಮಾನಕ್ಕೆ ಅಪಾಯವಿದೆಯೇ ಅಂತ. ಅಲ್ಲಿ ನೋಡುವುದು ಅವರ ಹಸು, ಹಂದಿ, ತೋಟಗಳಿಗೆ ಅಪಾಯವಿದೆಯೇ ಅಂತ. ನಡುವೆ ದುಬೈ ಇದೆ, ಅಲ್ಲಿಯ ಚಿಂತೆಯೇ ಬೇರೆ.

ನಿಮ್ಮ ಅತ್ತೆಯ ಪಟ್ಟಿಯಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಯೋಚನೆಗೆ ಹಚ್ಚಿದ್ದು ತುಪ್ಪವೂ ಅಲ್ಲ, ಮಾವೂ ಅಲ್ಲ. ಬಿಸಿಬೇಳೆಬಾತ್ ಪುಡಿ. ನಿಮ್ಮ ಮನೆಯ ಪುಡಿಗೆ ಗಸಗಸೆ ಹುರಿದು ಹಾಕುತ್ತೀರಾ ಅಂತ ಮೊದಲು ಕೇಳಿ. ತುಂಬಾ ಮನೆಗಳಲ್ಲಿ ಹಾಕುತ್ತಾರೆ. ಸಾಗು, ಕುರ್ಮಾ ಮಸಾಲೆಗೂ ಹಾಕುತ್ತಾರೆ. ನಮಗದು ಪಾಯಸದ ಸಾಮಾನು. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಅದು ಅಫೀಮಿನ ಗಿಡದ ಬೀಜ, ಮಾದಕ ವಸ್ತುಗಳ ಕಾನೂನಿನ ಅಡಿ ಬರುತ್ತದೆ. ಸಿಂಗಾಪುರದಲ್ಲೂ ಹೀಗೇ. ಬೀಜದ ಮೇಲೆ ಮಾರ್ಫಿನ್‌ನ ಅಂಶ ಸಣ್ಣದಾಗಿ ಅಂಟಿಕೊಂಡಿರುತ್ತದೆ, ಪರೀಕ್ಷೆಗೆ ಸಿಗುತ್ತದೆ. ಅಡುಗೆಗೆ ತಂದದ್ದು ಅಂದರೆ ಅಲ್ಲಿ ಕೇಳುವುದಿಲ್ಲ.

ನಾವು ದುಬೈನಲ್ಲಿ ಹೊರಗೇ ಹೋಗುವುದಿಲ್ಲವಲ್ಲ, ಬ್ಯಾಗು ನೇರ ಪ್ಯಾರಿಸ್‌ಗೆ ಹೋಗುತ್ತದಲ್ಲ ಅನ್ನಬಹುದು. ನಿಜ, ಸಾಮಾನ್ಯವಾಗಿ ಯಾರೂ ತೆಗೆದು ನೋಡುವುದಿಲ್ಲ. ಆದರೆ ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೆ? ಹೋಟೆಲಿಗೆ ಕಳಿಸಿ, ಬ್ಯಾಗು ಕೈಗೆ ಕೊಟ್ಟರೆ? ಆಗ ನೀವು ದುಬೈ ಕಸ್ಟಮ್ಸ್ ಮುಂದೆ ನಿಂತಿರುತ್ತೀರಿ. ಎರಡು ಚಮಚ ಗಸಗಸೆಗಾಗಿ ಇಷ್ಟೆಲ್ಲ ಯಾಕೆ? ಈ ಪ್ರವಾಸಕ್ಕೆ ಅಂತ ಗಸಗಸೆ ಇಲ್ಲದ ಪುಡಿಯನ್ನು ಬೇರೆಯೇ ಮಾಡಿಸಿ. ರುಚಿಯಲ್ಲಿ ಅಷ್ಟೇನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಂಗಡಿಯ ಮಸಾಲೆ ಪ್ಯಾಕೆಟ್ ಆದರೆ ಹಿಂಬದಿಯ ಪದಾರ್ಥ ಪಟ್ಟಿ ಓದಿ. ಮಾವನವರಿಗೆ ಎಲೆ ಅಡಿಕೆ ಅಭ್ಯಾಸವಿದ್ದರೆ ಅದೂ ಮನೆಯಲ್ಲೇ ಉಳಿಯಲಿ. ದುಬೈನ ನಿಷೇಧದ ಪಟ್ಟಿಯಲ್ಲಿ ವೀಳ್ಯದೆಲೆಯೂ ಇದೆ.

ಈಗ ಕೊಬ್ಬರಿ. ಇದನ್ನು ತಡೆಯುವುದು ಪ್ಯಾರಿಸ್ ಅಲ್ಲ, ಬೆಂಗಳೂರೇ. ತಿಪಟೂರಿನ ಒಳ್ಳೆಯ ಉಂಡೆ ಕೊಬ್ಬರಿಯನ್ನು ಏರ್‌ಪೋರ್ಟಿನಲ್ಲಿ ತೆಗೆಸಿಬಿಟ್ಟರು ಅಂತ ಬೇಜಾರು ಮಾಡಿಕೊಂಡವರು ಬಹಳ ಜನ. ಕಾರಣ ಸರಳ. ಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆ. ರಾಶಿಯಾಗಿ ಬಿದ್ದು ಸ್ವಲ್ಪ ತೇವ ಸೇರಿದರೆ ಒಳಗೊಳಗೇ ಬಿಸಿಯಾಗುತ್ತಾ ಹೋಗಿ ಹೊತ್ತಿಕೊಳ್ಳಬಹುದು. ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ ಯುಎನ್ 1363 ಅಂತ ಸಂಖ್ಯೆಯೇ ಇದೆ. ವರ್ಗ 4.2, ಅಂದರೆ ತಾನಾಗಿ ಉರಿಯುವ ಪದಾರ್ಥ. ಹಡಗಿನಲ್ಲಿ ಮೂಟೆಗಟ್ಟಲೆ ಸಾಗಿಸುವ ಕಾಲದಿಂದ ಬಂದ ಎಚ್ಚರಿಕೆ ಇದು. ನಿಮ್ಮ ನಾಲ್ಕು ಗಿಟುಕು ವಿಮಾನ ಸುಡುತ್ತದೆ ಅಂತಲ್ಲ. ಆದರೆ ಸ್ಕ್ಯಾನರ್ ಮುಂದೆ ಕೂತವರು ನಾಲ್ಕೋ ನಲವತ್ತೋ ಅಂತ ಎಣಿಸುವುದಿಲ್ಲ, ತೆಗೆಸುತ್ತಾರೆ. ಚಟ್ನಿಪುಡಿಯಲ್ಲಿ ಬೆರೆತು ಪುಡಿಯಾದ ಕೊಬ್ಬರಿಗೆ ಯಾರೂ ತಕರಾರು ಮಾಡಿದ್ದು ನನಗೆ ಗೊತ್ತಿಲ್ಲ. ಕೊಬ್ಬರಿಯನ್ನು ಕೊಬ್ಬರಿಯಾಗಿ ಒಯ್ಯಬೇಡಿ, ಅಷ್ಟೇ.

ತಮಾಷೆ ನೋಡಿ. ಯುರೋಪ್ ಒಕ್ಕೂಟ ಹೊರದೇಶದ ಹಸಿ ಹಣ್ಣು ತರಕಾರಿಗಳಿಗೆಲ್ಲ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತದೆ. ಆದರೆ ಐದಕ್ಕೆ ಮಾತ್ರ ವಿನಾಯಿತಿ ಕೊಟ್ಟಿದೆ: ಅನಾನಸ್, ಬಾಳೆ, ಖರ್ಜೂರ, ಡುರಿಯನ್ ಮತ್ತು ತೆಂಗಿನಕಾಯಿ. ಹಸಿ ಕಾಯಿಗೆ ಪ್ಯಾರಿಸ್ ಬಾಗಿಲು ತೆರೆದಿದೆ, ಒಣಗಿದರೆ ವಿಮಾನವೇ ಹತ್ತಿಸುವುದಿಲ್ಲ. ಹಾಗಂತ ಕಾಯಿ ಹೊತ್ತುಕೊಂಡು ಹೋಗಿ ಅಂತ ನಾನು ಹೇಳುತ್ತಿಲ್ಲ. ಪ್ಯಾರಿಸ್‌ನ ಗಾರ್ ದ್ಯು ನಾರ್ ರೈಲು ನಿಲ್ದಾಣದ ಪಕ್ಕದ ಲಾ ಶಪೆಲ್ ಬೀದಿಗಳಲ್ಲಿ ಶ್ರೀಲಂಕಾ ತಮಿಳರ ಅಂಗಡಿಗಳು ಸಾಲಾಗಿ ಇವೆ. ಕಾಯಿ, ಬೇಳೆ, ಅಕ್ಕಿ, ಮಸಾಲೆ ಎಲ್ಲ ಸಿಗುತ್ತದೆ. ದೋಸೆಯೂ ಸಿಗುತ್ತದೆ.

ವಿನಾಯಿತಿಯ ಐದರಲ್ಲಿ ಮಾವು ಇಲ್ಲ. ಮೇ ತಿಂಗಳು, ಬಾದಾಮಿ ಹಣ್ಣಿನ ಕಾಲ, ಅತ್ತೆಯವರ ಆಸೆ ಅರ್ಥವಾಗುತ್ತದೆ. ಆದರೆ ಹಣ್ಣಿನ ನೊಣದ ವಿಷಯದಲ್ಲಿ ಯುರೋಪಿನವರು ಎಷ್ಟು ಬಿಗಿ ಅಂದರೆ, 2014ರ ಮೇ 1ರಿಂದ ಭಾರತದ ಮಾವನ್ನೇ ನಿಲ್ಲಿಸಿಬಿಟ್ಟಿದ್ದರು. ಜೊತೆಗೆ ಬದನೆ, ಹಾಗಲ, ಪಡವಲ, ಕೆಸುವನ್ನೂ ಸೇರಿಸಿದ್ದರು. ಮಾವಿನ ಮೇಲಿನ ನಿಷೇಧ 2015ರಲ್ಲಿ ತೆರವಾಯಿತು. ಆದರೆ ಅದು ಸಂಸ್ಕರಿಸಿ, ತಪಾಸಣೆ ಮಾಡಿಸಿ, ಪ್ರಮಾಣಪತ್ರದ ಜೊತೆ ಕಳಿಸುವ ವ್ಯಾಪಾರಿಗಳಿಗೆ. ಸೂಟ್‌ಕೇಸಿನ ಹಣ್ಣಿಗೆ ಅಂಥ ಪತ್ರ ಎಲ್ಲಿಂದ ತರುತ್ತೀರಿ? ಹೊರಡುವ ಹಿಂದಿನ ದಿನ ಮನೆಯಲ್ಲೇ ಕೂತು ತಿಂದು ಮುಗಿಸಿ. ಹಸಿ ಕರಿಬೇವೂ ಅದೇ ಕಾರಣಕ್ಕೆ ಬೇಡ. ನಿಂಬೆ, ಕಿತ್ತಳೆ ಜಾತಿಯ ಗಿಡಗಳಿಗೆ ರೋಗ ಹರಡುವ ಸಣ್ಣ ಕೀಟ ಕರಿಬೇವಿನ ಮೇಲೂ ಕೂರುತ್ತದೆ. ಎಲೆಯನ್ನು ಎಣ್ಣೆಯಲ್ಲಿ ಗರಿಗರಿ ಹುರಿದು ಚಟ್ನಿಪುಡಿಗೋ ಅವಲಕ್ಕಿಗೋ ಸೇರಿಸಿಬಿಡಿ.

ಹಾಲಿನ ಪದಾರ್ಥದ ವಿಷಯಕ್ಕೆ ಬರೋಣ. ಇಲ್ಲೇ ನಮ್ಮವರು ಜಾಸ್ತಿ ಸಿಕ್ಕಿಬೀಳುವುದು. ಮಾಂಸ ತರಬಾರದು ಅಂತ ಕೇಳಿರುತ್ತಾರೆ, ನಾವು ಸಸ್ಯಾಹಾರಿಗಳು, ನಮಗೇನು ಅಂದುಕೊಂಡಿರುತ್ತಾರೆ. ಯುರೋಪ್ ಒಕ್ಕೂಟದ ನಿಯಮದಲ್ಲಿ ಮಾಂಸ ಮತ್ತು ಹಾಲು ಒಂದೇ ಸಾಲಿನಲ್ಲಿವೆ. ಭಾರತದಿಂದ ಹೋಗುವ ಪ್ರಯಾಣಿಕರು ಇವೆರಡನ್ನೂ, ಇವುಗಳಿಂದ ಮಾಡಿದ್ದನ್ನೂ ಸ್ವಂತಕ್ಕೆ ಕೂಡ ಒಯ್ಯುವಂತಿಲ್ಲ. ಹೆದರಿಕೆ ಮುಖ್ಯವಾಗಿ ಕಾಲುಬಾಯಿ ರೋಗದ್ದು. ಹಸು ಸಾಕಿದವರಿಗೆ ಅದರ ಪರಿಚಯ ಹೊಸದಾಗಿ ಹೇಳಬೇಕಿಲ್ಲ. ನಮ್ಮಲ್ಲಿ ಆ ರೋಗ ಇನ್ನೂ ಇದೆ, ಲಸಿಕೆ ಹಾಕಿಸುತ್ತಾ ಸಂಭಾಳಿಸುತ್ತಿದ್ದೇವೆ. ಅವರಲ್ಲಿ ಅದು ಇಲ್ಲ, ಹಾಗಾಗಿ ಒಂದು ಕೊಟ್ಟಿಗೆಗೆ ಹೊಕ್ಕರೂ ಊರೂರಿನ ಜಾನುವಾರು ಕೊಲ್ಲಬೇಕಾಗುತ್ತದೆ. 2001ರಲ್ಲಿ ಬ್ರಿಟನ್ನಿನಲ್ಲಿ ಹಾಗೇ ಆಗಿ ಅರವತ್ತು ಲಕ್ಷಕ್ಕೂ ಜಾಸ್ತಿ ಪ್ರಾಣಿಗಳನ್ನು ಕೊಂದರು. 2025ರ ಜನವರಿಯಲ್ಲಿ ಜರ್ಮನಿಯಲ್ಲಿ ಮತ್ತೆ ಕಾಣಿಸಿತು, 1988ರ ನಂತರ ಅಲ್ಲಿ ಅದೇ ಮೊದಲು. ಆಮೇಲೆ ಹಂಗೇರಿ, ಸ್ಲೊವಾಕಿಯಾದಲ್ಲೂ ಬಂತು. ಈ ವೈರಸ್ ಹಾಲು, ಮಾಂಸದ ಜೊತೆ ದಾಟಬಲ್ಲದು. ಹೀಗಿರುವಾಗ ನಿಮ್ಮ ಪೇಡದ ಡಬ್ಬಿಯನ್ನು ಕಸ್ಟಮ್ಸ್‌ನವರು ಸಂಶಯದಿಂದ ನೋಡಿದರೆ ಅವರನ್ನು ಬೈಯುವ ಹಾಗಿಲ್ಲ, ಅಲ್ವಾ?

ಹಾಗಾಗಿ ಧಾರವಾಡ ಪೇಡ ಬೇಡ. ಬೆಳಗಾವಿ ಕುಂದಾ, ಖೋವಾದ ಬರ್ಫಿ, ಪನೀರು ಯಾವುದೂ ಬೇಡ. ತುಪ್ಪವೂ ಬೇಡ. ಕಾಯಿಸಿದ್ದಲ್ಲವೇ ಅನ್ನುವ ವಾದ ಕೌಂಟರಿನಲ್ಲಿ ನಡೆಯುವುದಿಲ್ಲ. ಮೈಸೂರು ಪಾಕಿನ ವಿಷಯ ನಡುವಿನದು. ಬಿಸ್ಕತ್ತು, ಕೇಕು, ಚಾಕೊಲೇಟು, ಮಿಠಾಯಿಗಳಿಗೆ ನಿಯಮದಲ್ಲಿ ರಿಯಾಯಿತಿ ಇದೆ, ಮೈಸೂರು ಪಾಕು ಆ ಗುಂಪಿಗೆ ಸೇರುತ್ತದೆ ಅಂತ ವಾದಿಸಬಹುದು. ಆದರೆ ತುಪ್ಪ ಸೋರುವ ಆ ತುಂಡನ್ನು ಕೈಯಲ್ಲಿ ಹಿಡಿದು ಫ್ರೆಂಚ್ ಅಧಿಕಾರಿಗೆ ವಿವರಿಸುವ ಕೆಲಸ ರಜೆಯ ಮೊದಲ ಗಂಟೆಗೆ ಯಾಕೆ? ಸಿಹಿ ಬೇಕೇ ಬೇಕು ಅಂದರೆ ಶೇಂಗಾ ಚಿಕ್ಕಿ, ಎಳ್ಳುಂಡೆ ಒಯ್ಯಿರಿ. ಬೆಲ್ಲ, ಕಾಳು ಬಿಟ್ಟು ಅದರಲ್ಲಿ ಬೇರೇನೂ ಇಲ್ಲ. ಬೆಣ್ಣೆ ಚಕ್ಕುಲಿಗೆ ಬೆಣ್ಣೆಯ ಬದಲು ಕಾದ ಎಣ್ಣೆ ಹಾಕಿ ಕಲಸಿದರೆ ಸಂಶಯವೇ ಉಳಿಯುವುದಿಲ್ಲ. ದಾವಣಗೆರೆಯವರಿಗೆ ಬೆಣ್ಣೆ ಬಿಡಿ ಅನ್ನುವುದು ಸ್ವಲ್ಪ ಧೈರ್ಯದ ಮಾತೇ! ಆದರೆ ನೀವು ಹೋಗುತ್ತಿರುವುದು ಬೆಣ್ಣೆ, ಮೊಸರಿಗೆ ಹೆಸರಾದ ದೇಶಗಳಿಗೆ. ಯಾವ ಸಣ್ಣ ಸೂಪರ್‌ಮಾರ್ಕೆಟಿಗೆ ಹೋದರೂ ಸಪ್ಪೆ ಮೊಸರು ಸಿಗುತ್ತದೆ. ಬಿಸಿ ಅನ್ನದ ಮೇಲೆ ಒಂದು ತುಣುಕು ಬೆಣ್ಣೆ ಹಾಕಿಕೊಂಡರೆ ಅತ್ತೆಯವರಿಗೆ ತುಪ್ಪದ ನೆನಪು ಜಾಸ್ತಿ ಕಾಡುವುದಿಲ್ಲ. ಕೊಡಗಿನ ಜೇನಿದ್ದರೆ ಒಯ್ಯಬಹುದು, ಒಬ್ಬರಿಗೆ 2 ಕೆ.ಜಿ.ವರೆಗೆ ಬಿಡುತ್ತಾರೆ.

ಮಗುವಿನ ವಿಷಯದಲ್ಲಿ ಮಾತ್ರ ನಿಯಮ ಮೆತ್ತಗಿದೆ. ಡಬ್ಬಿಯ ಹಾಲಿನ ಪುಡಿ, ಮಗುವಿನ ರೆಡಿಮೇಡ್ ಆಹಾರ 2 ಕೆ.ಜಿ. ತನಕ ಸರಿ. ಅದು ಫ್ರಿಜ್ ಬೇಕಿಲ್ಲದ್ದಾಗಿರಬೇಕು, ಕಂಪನಿಯ ಪ್ಯಾಕಿನಲ್ಲೇ ಇರಬೇಕು. ಈಗ ಬಳಸುತ್ತಿರುವ ಒಂದು ಡಬ್ಬಿ ತೆರೆದಿದ್ದರೂ ನಡೆಯುತ್ತದೆ. ಮನೆಯಲ್ಲಿ ಮಾಡಿದ ರಾಗಿ ಸರಿ ಬರೀ ಧಾನ್ಯ, ಅದಕ್ಕೆ ಈ ತಲೆನೋವಿಲ್ಲ. ಆದರೆ ಎರಡು ದಿನಕ್ಕೆ ಸಾಕಾಗುವಷ್ಟನ್ನು ಕ್ಯಾಬಿನ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಸೂಟ್‌ಕೇಸು ಒಂದು ದಿನ ತಡವಾಗಿ ಬರುವುದು ಅಪರೂಪವೇನಲ್ಲ, ಮಗು ಕಾಯುವುದಿಲ್ಲ.

ಇಷ್ಟೆಲ್ಲ ಬೇಡ ಬೇಡ ಅಂದ ಮೇಲೆ ಉಳಿದಿದ್ದೇನು ಅಂತ ಅನ್ನಿಸಬಹುದು. ಬೇಕಾದಷ್ಟು ಉಳಿದಿದೆ. ನಮ್ಮ ಉತ್ತರ ಕರ್ನಾಟಕದ ಜೋಳದ ಖಡಕ್ ರೊಟ್ಟಿಗಿಂತ ಒಳ್ಳೆಯ ಪ್ರಯಾಣದ ಊಟ ನಾನು ನೋಡಿಲ್ಲ. ನೀರಿನ ಅಂಶವೇ ಇಲ್ಲ, ಬೂಸ್ಟು ಹಿಡಿಯುವುದಿಲ್ಲ, ಹಗುರ. ಒಡೆಯುತ್ತದೆ ಅಂತ ಹೆದರಿಕೆಯಿದ್ದರೆ ಅಗಲದ ಗಟ್ಟಿ ಡಬ್ಬಿಯಲ್ಲಿ ಹಾಕಿ ಬಟ್ಟೆಗಳ ನಡುವೆ ಇಡಿ. ಒಡೆದರೂ ಮೊಸರಿಗೆ ಶೇಂಗಾ ಚಟ್ನಿಪುಡಿ ಕಲಸಿ ಅದ್ದಿ ತಿನ್ನಬಹುದು. ಜೊತೆಗೆ ಗುರೆಳ್ಳು ಪುಡಿಯೂ ಇರಲಿ. ಎರಡನೆಯದು ಗೊಜ್ಜವಲಕ್ಕಿ. ತರಿತರಿ ಪುಡಿ ಮಾಡಿದ ಅವಲಕ್ಕಿ, ಹುಣಸೆ ಪುಡಿ, ಬೆಲ್ಲದ ಪುಡಿ, ಸಾರಿನ ಪುಡಿ, ಎಣ್ಣೆಯ ಒಗ್ಗರಣೆ ಎಲ್ಲ ಊರಲ್ಲೇ ಬೆರೆಸಿ ತಂದರೆ ಅಲ್ಲಿ ಬಿಸಿನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಸಾಕು. ದೊಡ್ಡವರಿಗೆ ಒಬ್ಬರಿಗೆ ಸುಮಾರು 75 ಗ್ರಾಂ ಒಣ ಮಿಶ್ರಣ. ಆರು ಜನಕ್ಕೆ ಐದು ಹೊತ್ತಿಗೆ ಎರಡು ಕೆ.ಜಿ. ಹಿಡಿದರೆ ಮಕ್ಕಳ ಲೆಕ್ಕವೂ ಸೇರಿ ಸರಿಹೋಗುತ್ತದೆ. ಎಣ್ಣೆಯಲ್ಲಿ ಹುರಿದ ಉಪ್ಪಿಟ್ಟಿನ ರವೆ ಇನ್ನೊಂದು. ಮಂಡಕ್ಕಿ ಮಾತ್ರ ಬಿಡಿ. ತೂಕ ಇಲ್ಲ ನಿಜ, ಅರ್ಧ ಸೂಟ್‌ಕೇಸು ನುಂಗುತ್ತದೆ.

ಜಾಸ್ತಿ ತುಂಬಿಸಬೇಡಿ. ಬೆಳಗಿನ ತಿಂಡಿ ಹೋಟೆಲಿನಲ್ಲೇ ಇದ್ದರೆ ನೀವು ಯೋಚಿಸಬೇಕಾದದ್ದು ದಿನಕ್ಕೆ ಒಂದು ಹೊತ್ತಿನ ಊಟ ಮಾತ್ರ. ಬೆಂದ ಅನ್ನದ ಪ್ಯಾಕೆಟ್ ಅಲ್ಲಿಯ ಅಂಗಡಿಗಳಲ್ಲಿ ಸಿಗುತ್ತದೆ, ಮೈಕ್ರೋವೇವಿನಲ್ಲಿ ಎರಡು ನಿಮಿಷ. ಅದಕ್ಕೆ ಪುಳಿಯೋಗರೆ ಗೊಜ್ಜು ಕಲಸಿದರೆ ಆಯಿತು. ಅರ್ಧ ಕೆ.ಜಿ. ಗೊಜ್ಜು ನಿಮ್ಮ ಮನೆಗೆ ಧಾರಾಳ. ಸ್ವಿಟ್ಜರ್ಲೆಂಡಿನಲ್ಲಿ ಯುಂಗ್‌ಫ್ರಾವ್‌ಯೋಕ್‌ಗೆ ಹೋಗುವವರಾದರೆ, 3,454 ಮೀಟರ್ ಎತ್ತರದ ಆ ಹಿಮದ ನಿಲ್ದಾಣದಲ್ಲೂ ಭಾರತೀಯ ಊಟದ ಹೋಟೆಲಿದೆ. ಬೆಲೆ ನೋಡಿ ಮಾವನವರು ಖಡಕ್ ರೊಟ್ಟಿ ತೆಗೆಯಿರಿ ಅನ್ನಬಹುದು, ಅದು ಬೇರೆ ಮಾತು.

ಚೆಲ್ಲುವ ಪ್ರಶ್ನೆ ಕೇಳಿದ್ದೀರಿ. ಸರಕಿನ ಕೋಣೆಯಲ್ಲಿ ಗಾಳಿಯೇ ಇರುವುದಿಲ್ಲ ಅಂತ ಕೆಲವರು ತಿಳಿದಿದ್ದಾರೆ. ಹಾಗಿಲ್ಲ. ನೀವು ಕೂತಿರುವ ಕ್ಯಾಬಿನ್ನಿನ ಒತ್ತಡವೇ ಕೆಳಗೂ ಇರುತ್ತದೆ. ಆದರೆ ಆ ಒತ್ತಡ ನೆಲದ ಮೇಲಿನಷ್ಟಿರುವುದಿಲ್ಲ. ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟು, ಅಂದರೆ ಸಮುದ್ರ ಮಟ್ಟದ ಮುಕ್ಕಾಲು ಭಾಗ ಅಥವಾ ಸ್ವಲ್ಪ ಜಾಸ್ತಿ. ಹಾಗಾಗಿ ಡಬ್ಬಿಯೊಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗಲು ನೋಡುತ್ತದೆ. ಪ್ಯಾಕೆಟ್ ಆದರೆ ಉಬ್ಬುತ್ತದೆ. ಬಾಟಲಿ ಆದರೆ ಮುಚ್ಚಳದ ಸಂದಿಯಿಂದ ಎಣ್ಣೆಯನ್ನೋ ರಸವನ್ನೋ ತಳ್ಳುತ್ತದೆ. ಕೆಳಗಿಳಿದಾಗ ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತದೆ. ನಿಮ್ಮ ದಾರಿಯಲ್ಲಿ ಎರಡು ಸಲ ಹತ್ತಿ ಎರಡು ಸಲ ಇಳಿಯಬೇಕು. ಅದರ ಮೇಲೆ ಮೇ ತಿಂಗಳ ದುಬೈ, 40 ಡಿಗ್ರಿ ದಾಟುವ ಬಿಸಿಲಲ್ಲಿ ಬ್ಯಾಗು ಹೊರಗೆ ಕಾಯಬಹುದು. ಗಟ್ಟಿಯಾಗಿದ್ದ ಗೊಜ್ಜು ಕೂಡ ಎಣ್ಣೆ ಬಿಟ್ಟು ಸಡಿಲವಾಗುತ್ತದೆ.

ಅದಕ್ಕೆ ಅಪ್ಪೆಮಿಡಿಯೇ ಕಷ್ಟದ್ದು. ಅದು ಎಣ್ಣೆಯಲ್ಲಲ್ಲ, ಉಪ್ಪುನೀರಿನ ರಸದಲ್ಲಿ ಮುಳುಗಿರುವುದು. ರಸ ಎಣ್ಣೆಗಿಂತ ಬೇಗ ಸಂದಿ ಹುಡುಕುತ್ತದೆ. ಗಾಜಿನ ಭರಣಿಯಲ್ಲಿ ಒಯ್ಯುವ ಆಸೆ ಬಿಡಿ. ಮಿಡಿಗಳನ್ನು ಸ್ವಲ್ಪವೇ ರಸದ ಜೊತೆ ತೆಗೆದು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿಯೆಲ್ಲ ಹಿಂಡಿ, ಬಾಯಿಯನ್ನು ಶಾಖದಿಂದ ಸೀಲ್ ಮಾಡಿಸಿ. ಊರಿನ ಕಾಂಡಿಮೆಂಟ್ಸ್ ಅಂಗಡಿಯವರು ಈ ಕೆಲಸ ಮಾಡಿಕೊಡುತ್ತಾರೆ, ವಿದೇಶಕ್ಕೆ ಅಂದರೆ ಸಾಕು, ಅವರಿಗೇ ಗೊತ್ತಾಗುತ್ತದೆ. ಆ ಚೀಲವನ್ನು ಇನ್ನೊಂದು ಚೀಲದೊಳಗೆ ಹಾಕಿ, ಎರಡರ ನಡುವೆ ಒಂದು ಹಳೆಯ ಪತ್ರಿಕೆಯ ಹಾಳೆ ಇಡಿ. ಸೋರಿದರೂ ಕಾಗದ ಹೀರಿಕೊಳ್ಳುತ್ತದೆ. ಗೊಜ್ಜಿಗೂ ಇದೇ ದಾರಿ. ಡಬ್ಬಿಯಲ್ಲೇ ಒಯ್ಯಬೇಕು ಅಂದರೆ ಅಂಚಿನವರೆಗೆ ತುಂಬಬೇಡಿ. ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಬಿಗಿದು ಅದರ ಮೇಲೆ ಮುಚ್ಚಳ ತಿರುಗಿಸಿ. ಚಕ್ಕುಲಿಯನ್ನು ಮಾತ್ರ ಗಾಳಿ ಎಳೆದು ಪ್ಯಾಕ್ ಮಾಡಿಸಬೇಡಿ, ಪುಡಿಪುಡಿಯಾಗಿ ಹೋಗುತ್ತದೆ. ಇಂಗು ಸೇರಿದ ಪುಡಿಗಳಿಗೆ ಒಂದರ ಮೇಲೊಂದು ಮೂರು ಕವರ್ ಹಾಕಿದರೂ ಜಾಸ್ತಿಯಲ್ಲ. ಇಲ್ಲದಿದ್ದರೆ ಫೋಟೋಗೆ ಅಂತ ಇಟ್ಟ ಹೊಸ ಬಟ್ಟೆಯೆಲ್ಲ ಸಾರಿನ ವಾಸನೆ.

ಪ್ರತಿ ಪ್ಯಾಕೆಟ್ ಮೇಲೆ ಇಂಗ್ಲಿಷಿನಲ್ಲಿ ಅದೇನು ಅಂತ ದೊಡ್ಡದಾಗಿ ಬರೆಯಿರಿ. ‘ಪೀನಟ್ ಪೌಡರ್’, ‘ರಾಗಿ ಫ್ಲೋರ್’, ಹೀಗೆ. ಹೆಸರಿಲ್ಲದ ಬಿಳಿ ಪುಡಿ, ಕಂದು ಪುಡಿಯ ಗಂಟುಗಳನ್ನು ಯಾವ ಅಧಿಕಾರಿಯೂ ಇಷ್ಟಪಡುವುದಿಲ್ಲ. ಎಲ್ಲ ತಿಂಡಿಯನ್ನೂ ಒಂದೇ ಸೂಟ್‌ಕೇಸಿಗೆ ಹಾಕಬೇಡಿ, ಅದೊಂದೇ ತಡವಾದರೆ ಎಲ್ಲರೂ ಉಪವಾಸ. ಎರಡು ಮೂರರಲ್ಲಿ ಹಂಚಿ, ಪ್ರತಿಯೊಂದರಲ್ಲೂ ಮೇಲ್ಗಡೆಯೇ ಇಡಿ. ತೆಗೆದು ತೋರಿಸಿ ಅಂದಾಗ ಒಳಬಟ್ಟೆಯನ್ನೆಲ್ಲ ಹೊರಗೆಳೆಯುವ ಪ್ರಸಂಗ ಬರುವುದಿಲ್ಲ. ಪ್ಯಾರಿಸ್‌ನಲ್ಲಿ ಯಾವುದಾದರೂ ಪದಾರ್ಥದ ಬಗ್ಗೆ ಸಂಶಯ ಇದ್ದರೆ ಕಸ್ಟಮ್ಸ್‌ನ ಕೆಂಪು ದಾರಿಯಲ್ಲಿ, ಅಂದರೆ ತೋರಿಸಬೇಕಾದ ಸಾಮಾನು ಇರುವವರ ದಾರಿಯಲ್ಲಿ, ಹೋಗಿ ನೀವೇ ಹೇಳಿಬಿಡಿ. ಹೇಳಿದರೆ ಸಾಮಾನ್ಯವಾಗಿ ವಸ್ತು ಹೋಗುತ್ತದೆ. ಬಚ್ಚಿಟ್ಟು ಸಿಕ್ಕಿಬಿದ್ದರೆ ದಂಡವೂ ಬೀಳಬಹುದು.

ಅಡುಗೆ ಮಾಡುವ ಸಾಮಾನಿನ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಸಣ್ಣ ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್ ಚೆಕ್-ಇನ್ ಬ್ಯಾಗಿನಲ್ಲಿ ಹೋಗುತ್ತದೆ. ವಿದ್ಯುತ್ತು ಅಲ್ಲೂ 230 ವೋಲ್ಟೇ. ಆದರೆ ನಮ್ಮ ಮೂರು ಗುಂಡು ಪಿನ್ನಿನ ಪ್ಲಗ್ ಫ್ರಾನ್ಸಿಗೂ ಹೊಂದುವುದಿಲ್ಲ, ಸ್ವಿಟ್ಜರ್ಲೆಂಡಿಗೂ ಹೊಂದುವುದಿಲ್ಲ, ಅವೆರಡರ ಸಾಕೆಟ್ಟೂ ಒಂದೇ ಥರ ಅಲ್ಲ. ಎರಡಕ್ಕೂ ಅಡಾಪ್ಟರ್ ಇಟ್ಟುಕೊಳ್ಳಿ. ಹೋಟೆಲ್ ರೂಮಿನಲ್ಲಿ ಒಗ್ಗರಣೆ ಮಾತ್ರ ಹಾಕಬೇಡಿ, ಹೊಗೆಯ ಅಲಾರಾಂ ಹೊಡೆದುಕೊಳ್ಳುತ್ತದೆ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದಿದ್ದರೆ ಆ ಚಿಂತೆ ಇಲ್ಲ. ಕ್ಯಾಂಪಿಂಗ್ ಗ್ಯಾಸ್ ಸಿಲಿಂಡರ್, ನೀರು ಹಾಕಿದರೆ ತಾನೇ ಬಿಸಿಯಾಗುವ ಊಟದ ಪ್ಯಾಕು ಯಾವುದನ್ನೂ ಹಾಕಬೇಡಿ. ಪವರ್ ಬ್ಯಾಂಕ್ ಚೆಕ್-ಇನ್ ಬ್ಯಾಗಿಗೆ ನಿಷಿದ್ಧ, ಕೈಬ್ಯಾಗಿನಲ್ಲೇ ಇರಬೇಕು. ಅತ್ತೆಯವರು ಸಂಜೆ ದೀಪ ಹಚ್ಚುವವರಾದರೆ ಪೂಜೆಯ ಚೀಲವನ್ನೂ ಒಮ್ಮೆ ನೋಡಿ. ಕರ್ಪೂರ, ಬೆಂಕಿಪೊಟ್ಟಣ ಎರಡನ್ನೂ ಚೆಕ್-ಇನ್ ಬ್ಯಾಗಿನಿಂದ ತೆಗೆಸುತ್ತಾರೆ.

ತೂಕದ ಮಿತಿ ನಿಮ್ಮ ಟಿಕೆಟಿನ ಮೇಲೇ ಬರೆದಿರುತ್ತದೆ. ಊಟದ ಸಾಮಾನಿಗೆ ಅಂತ ಬೇರೆ ರಿಯಾಯಿತಿ ಇಲ್ಲ. ಟಿಕೆಟಿನಲ್ಲಿ ಒಟ್ಟು ತೂಕ ಎಷ್ಟೇ ಇದ್ದರೂ 32 ಕೆ.ಜಿ. ದಾಟಿದ ಒಂಟಿ ಬ್ಯಾಗನ್ನು ಕೌಂಟರಿನಲ್ಲಿ ತೆಗೆದುಕೊಳ್ಳುವುದಿಲ್ಲ, ಎರಡಾಗಿ ಮಾಡಿಸುತ್ತಾರೆ. ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ತೂಗಿ. ಆಗ ಏನಾದರೂ ಇಳಿಸಬೇಕಾಗಿ ಬಂದರೆ ಮೊದಲು ಉಪ್ಪಿನಕಾಯಿ ಇಳಿಸಿ, ರೊಟ್ಟಿ ಕೊನೆಗೆ.